ಊರಿಗೆ ಯೋಜನೆ ಬಂದಾಗ ಮನೆವಾರು ಲೆಕ್ಕ ಹಾಕುವುದು ಹೇಗೆ

ಹನ್ನೆರಡು ವರ್ಷದ ಹಿಂದೆ ನಾನೊಂದು ಕಾಗದಕ್ಕೆ ಸಹಿ ಹಾಕಿದ್ದೆ. ನಮ್ಮ ಮನೆಯ ಹಿಂದಿನ ಪದವಿನಲ್ಲಿ, ಅಂದರೆ ಗುಡ್ಡೆಯ ಮೇಲಿನ ಕಲ್ಲಿನ ಬಯಲಿನಲ್ಲಿ, ಕೆಂಪುಕಲ್ಲಿನ ಕೋರೆ (ಕಲ್ಲು ಕೊಯ್ಯುವ ಗಣಿ) ಶುರು ಮಾಡಲು ಅಕ್ಕಪಕ್ಕದವರ ಆಕ್ಷೇಪ ಇಲ್ಲ ಅನ್ನುವ ಕಾಗದ. ಅದರ ಬದಲಿಗೆ ಲಾರಿ ಹೋಗುವಂಥ ರಸ್ತೆ ಮನೆ ತನಕ ಮಾಡಿಕೊಡುತ್ತೇವೆ ಅಂದರು. ಅಡಿಕೆ ಗೋಣಿ ಹೊತ್ತು ಹೊತ್ತು ಸಾಕಾಗಿತ್ತು, ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದರೆ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿಕೊಂಡು ಮುಖ್ಯರಸ್ತೆ ತನಕ ನಡೆಯಬೇಕಿತ್ತು. ಪೆನ್ನು ನಾನೇ ಕೇಳಿ ತೆಗೆದುಕೊಂಡು ಸಹಿ ಹಾಕಿದೆ.

ರಸ್ತೆ ಬಂತು. ಎರಡನೇ ಮಳೆಗಾಲದಲ್ಲಿ ಕೆಳಗಿನ ಮನೆಯವರು ಗುಡ್ಡೆಗೆ ಅಡ್ಡ ಕೊರೆದ ನೀರಿನ ಸುರಂಗದಿಂದ ಕೆಂಪು ರಾಡಿ ಬರಲು ಶುರುವಾಯಿತು. ಮೂರನೇ ಬೇಸಿಗೆಗೆ ನೀರು ನೂಲಿನಷ್ಟು ಸಪೂರ. ಆ ಮನೆಯ ಅಕ್ಕ ಜಗಳ ಮಾಡಲಿಲ್ಲ. ಕೊಡಪಾನವನ್ನು ನಮ್ಮ ಬಾವಿಕಟ್ಟೆಯ ಮೇಲಿಟ್ಟು, "ಅಣ್ಣಾ, ಸಹಿ ಹಾಕುವ ಮೊದಲು ನಮ್ಮ ಹತ್ತಿರ ಒಂದು ಮಾತು ಕೇಳಬಹುದಿತ್ತಲ್ವಾ" ಅಂದರು. ನನಗೆ ಕೇಳಬೇಕು ಅಂತ ಹೊಳೆದೇ ಇರಲಿಲ್ಲ, ನಿಜ ಹೇಳಬೇಕೆಂದರೆ.

ದುಡ್ಡು ಬೆಳೆಯಬೇಕು, ಎಲ್ಲರಿಗೂ ಸಿಗಬೇಕು, ಮಣ್ಣು ನೀರು ಉಳಿಯಬೇಕು ಅಂತ ವೇದಿಕೆ ಮೇಲೆ ಹೇಳುವವರಿಗೆ ಬರ ಇಲ್ಲ. ವಾರ್ಡಿನಲ್ಲಿ ಅದನ್ನು ಮಾಡುವುದು ಹೇಗೆ ಅಂತ ಕೇಳಿದರೆ ಮಾತ್ರ ಎಲ್ಲರೂ ಮೇಲೆ ಕೆಳಗೆ ನೋಡುತ್ತಾರೆ. ನಾವು ಏಳೆಂಟು ಮನೆಯವರು ಸೇರಿ, ತಪ್ಪು ಮಾಡಿ ಮಾಡಿ, ಒಂದು ಕ್ರಮ ಕಂಡುಕೊಂಡಿದ್ದೇವೆ. ಕೋರೆಗೂ ಆಗುತ್ತದೆ, ರಸ್ತೆಗೂ ಆಗುತ್ತದೆ, ರೆಸಾರ್ಟಿಗೂ ಕೋಳಿ ಫಾರ್ಮಿಗೂ ಆಗುತ್ತದೆ.

ಒಂದು ವಿಷಯ ಮೊದಲೇ ಹೇಳುತ್ತೇನೆ, ಇಲ್ಲದಿದ್ದರೆ "ಇವನು ಎಲ್ಲದಕ್ಕೂ ಬೇಡ ಅನ್ನುವವನು" ಅಂತ ಅರ್ಧಕ್ಕೇ ಓದು ನಿಲ್ಲಿಸುತ್ತೀರಿ. ಕಾಸರಗೋಡಿಗೆ ಅಭಿವೃದ್ಧಿ ಬೇಕು. ಜಿಲ್ಲೆ ಆದದ್ದು 1984ರ ಮೇ 24ಕ್ಕೆ, ಇವತ್ತಿಗೂ ದೊಡ್ಡ ಕಾಯಿಲೆ ಬಂದರೆ ಮಂಗಳೂರೇ ಗತಿ. 2020ರಲ್ಲಿ ಕೊರೊನಾ ಹೊತ್ತಿಗೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಆಂಬುಲೆನ್ಸ್ ಆಚೆ ಹೋಗಲಾಗದೆ ಎಷ್ಟು ಜನ ಜೀವ ಬಿಟ್ಟರು ಅನ್ನುವುದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ರಸ್ತೆಗೆ ಆಸೆಪಟ್ಟದ್ದು ನನ್ನ ತಪ್ಪು ಅಂತ ಈಗಲೂ ಅನ್ನಿಸುವುದಿಲ್ಲ. ನನ್ನ ಮನೆಯ ಲೆಕ್ಕ ಒಂದನ್ನೇ ನೋಡಿದ್ದು ತಪ್ಪು.

ಹಾಳೆ ತೆಗೆದುಕೊಳ್ಳಿ, ಮನೆಗೊಂದು ಸಾಲು ಬರೆಯಿರಿ

ಸಾಮಾನ್ಯವಾಗಿ ಏನು ಮಾಡುತ್ತೇವೆ? "ಲಾಭ" ಅಂತ ಒಂದು ಪಟ್ಟಿ, "ನಷ್ಟ" ಅಂತ ಇನ್ನೊಂದು. ಲಾಭದಲ್ಲಿ ರಸ್ತೆ, ಕೆಲಸ, ಪಂಚಾಯತಿಗೆ ತೆರಿಗೆ. ನಷ್ಟದಲ್ಲಿ ಧೂಳು, ನೀರು, ಶಬ್ದ. ಎರಡನ್ನೂ ನೋಡಿ "ಲಾಭವೇ ಜಾಸ್ತಿ ಉಂಟಲ್ಲ" ಅಂತ ಎದ್ದು ಹೋಗುತ್ತೇವೆ. ಇದರಲ್ಲಿ ಮೋಸ ಎಲ್ಲಿ ಅಂದರೆ, ರಸ್ತೆ ಒಬ್ಬನಿಗೆ ಸಿಕ್ಕಿ ರಾಡಿ ಇನ್ನೊಬ್ಬಳಿಗೆ ಸಿಕ್ಕಿದ್ದು ಆ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಕೂಡಿಸಿ ಕಳೆದರೆ ಊರಿಗೆ ಲಾಭವೇ. ಕೆಳಗಿನ ಮನೆಗೆ ಮಾತ್ರ ನೀರಿಲ್ಲ.

ಅದಕ್ಕೆ ಮನೆವಾರು ಬರೆಯಬೇಕು. ಮಕ್ಕಳ ಡ್ರಾಯಿಂಗ್ ಪುಸ್ತಕದ ದೊಡ್ಡ ಹಾಳೆ ಸಾಕು. ಎಡಗಡೆ ಮನೆಗಳು, ಪದವಿನ ಮೇಲಿಂದ ಶುರು ಮಾಡಿ ಬೈಲಿನ ತೋಡಿನ (ಹಳ್ಳದ) ತನಕ, ಇಳಿಜಾರಿನ ಕ್ರಮದಲ್ಲೇ. ಯಾಕೆಂದರೆ ನೀರು ಆ ಕ್ರಮದಲ್ಲಿ ಇಳಿಯುತ್ತದೆ, ರಾಡಿಯೂ ಹಾಗೆಯೇ. ಮೇಲುಗಡೆ ನಾಲ್ಕು ಕಾಲಂ: ಈ ಮನೆಗೆ ದುಡ್ಡು ಬರುತ್ತದಾ, ಎಷ್ಟು, ಎಷ್ಟು ವರ್ಷ. ಕೆಲಸ ಸಿಗುತ್ತದಾ, ಇರುವ ಕೆಲಸ ಹೋಗುತ್ತದಾ. ನೀರು, ಮಣ್ಣು, ಹುಲ್ಲು, ದಾರಿಗೆ ಏನಾಗುತ್ತದೆ. ಮತ್ತೆ ಕೊನೆಯದು, ಇದು ಕೆಟ್ಟುಹೋದರೆ ಈ ಮನೆಯವರು ಎಲ್ಲಿಗೆ ಹೋಗುತ್ತಾರೆ, ಬೇರೆ ದಾರಿ ಉಂಟಾ.

ಆ ನಾಲ್ಕನೆಯ ಕಾಲಂ ಬಿಡಬೇಡಿ. ನನ್ನ ಬಾವಿ ಬತ್ತಿದರೆ ನಾನು ಸಾಲ ಮಾಡಿಯಾದರೂ ಬೋರ್‌ವೆಲ್ ತೆಗೆಸುತ್ತೇನೆ, ಐದು ಸೆಂಟ್ಸಿನ ಮನೆಯವರಿಗೆ ಅದು ಆಗುವ ಮಾತಲ್ಲ. ಒಂದೇ ಪೆಟ್ಟು ಎರಡು ಮನೆಗೆ ಬಿದ್ದರೂ ಒಬ್ಬರು ಎದ್ದು ನಿಲ್ಲುತ್ತಾರೆ, ಇನ್ನೊಬ್ಬರಿಗೆ ಆಗುವುದಿಲ್ಲ.

ಭರ್ತಿ ಮಾಡುವಾಗ ಊಹೆ ಮಾಡಿ ತುಂಬಬೇಡಿ. ಗೊತ್ತಿಲ್ಲದಿದ್ದರೆ ಖಾಲಿ ಬಿಡಿ. ಯಾವ ಸಾಲಲ್ಲಿ ಖಾಲಿ ಜಾಸ್ತಿ ಉಂಟೋ ಆ ಮನೆಗೆ ಮೊದಲು ಹೋಗಬೇಕು ಅಂತ ಅರ್ಥ.

ನೀರು ಅಳೆಯುವುದು, ಯಂತ್ರ ಏನೂ ಬೇಡ

ಇದನ್ನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಜಗಳ ಎಲ್ಲ ಇಲ್ಲೇ ಆಗುವುದು. "ನಿಮ್ಮ ಬಾವಿ ಮೊದಲೇ ಬತ್ತುತ್ತಿತ್ತು" ಅಂತ ಅವರು, "ಇಲ್ಲ, ಕೋರೆ ಬಂದ ಮೇಲೆ" ಅಂತ ನಾವು. ಯಾರ ಕೈಯಲ್ಲೂ ದಾಖಲೆ ಇಲ್ಲ.

ಒಂದು ನೈಲಾನ್ ಹಗ್ಗ, ತುದಿಗೆ ಒಂದು ಕಲ್ಲು. ಹಗ್ಗಕ್ಕೆ ಅಡಿಗೊಂದು ಗಂಟು, ಐದಕ್ಕೊಂದು ಕೆಂಪು ಬಟ್ಟೆ ಚೂರು. ಬಾವಿಕಟ್ಟೆಯ ಒಂದು ಕಡೆ ಪೇಂಟಿನಲ್ಲಿ ಗುರುತು ಹಾಕಿ, ಯಾವಾಗಲೂ ಅಲ್ಲಿಂದಲೇ ಇಳಿಸಿ. ಬೆಳಗ್ಗೆ ಪಂಪು ಹಾಕುವ ಮೊದಲು ಅಳೆಯಬೇಕು, ಪಂಪು ಹಾಕಿದ ಮೇಲೆ ಅಳೆದರೆ ಲೆಕ್ಕ ಪೂರ್ತಿ ತಪ್ಪು. ನಾವು ಮೊದಲ ವರ್ಷ ಅದೇ ತಪ್ಪು ಮಾಡಿ ಇಡೀ ಪುಸ್ತಕ ದಂಡ ಆಯಿತು. ನಮ್ಮ ಕಡೆ ಹಳಬರು ಬಾವಿಯನ್ನು ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಕೋಲು ಅಂದರೆ ಎರಡೂವರೆ ಅಡಿ. ಕೋಲಿನಲ್ಲೇ ಬರೆದರೂ ತೊಂದರೆ ಇಲ್ಲ, ಆದರೆ ಅಡಿಯನ್ನೂ ಪಕ್ಕದಲ್ಲಿ ಬರೆಯಿರಿ, ಆಫೀಸಿನವರಿಗೆ ಅರ್ಥ ಆಗಬೇಕಲ್ಲ.

ಸುರಂಗಕ್ಕೆ ಹಗ್ಗ ಆಗುವುದಿಲ್ಲ. ಗುಡ್ಡೆಯ ಹೊಟ್ಟೆಗೆ ಅಡ್ಡ ಕೊರೆದು ನೀರು ತೆಗೆಯುವ ಈ ಏರ್ಪಾಡು ಕಾಸರಗೋಡು, ದಕ್ಷಿಣ ಕನ್ನಡದ ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡೆಗಳಲ್ಲಿ ಬಿಟ್ಟರೆ ಬೇರೆ ಕಡೆ ಕಾಣಸಿಗುವುದು ಕಡಿಮೆ. ಗಡಿಯ ಆಚೆ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡೆಯಲ್ಲಿ ತೋಟ ಎಬ್ಬಿಸಿದರು, 2022ರಲ್ಲಿ ಪದ್ಮಶ್ರೀ ಬಂತು. ಸುರಂಗದ ನೀರು ಅಳೆಯಬೇಕಾದರೆ ಬಾಯಲ್ಲಿ ಇಟ್ಟ ಪೈಪಿನ ಕೆಳಗೆ ಅಳತೆ ಗೊತ್ತಿರುವ ಬಕೆಟ್ ಇಟ್ಟು ಮೊಬೈಲಲ್ಲಿ ಸಮಯ ನೋಡಿ. 15 ಲೀಟರಿನ ಬಕೆಟ್ ಮೂರು ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 5 ಲೀಟರ್, ದಿನಕ್ಕೆ 7200 ಲೀಟರ್. ಕರೆಂಟು ಬಿಲ್ಲು ಇಲ್ಲದೆ, ಪಂಪಿಲ್ಲದೆ, ರಾತ್ರಿ ಹಗಲು. ಈ 7200ನ್ನು ಹಾಳೆಯಲ್ಲಿ ಆ ಮನೆಯ ಸಾಲಿನಲ್ಲಿ ಬರೆದಾಗ ನಮ್ಮಲ್ಲಿ ಕೆಲವರು ಬಾಯಿ ಮುಚ್ಚಿಕೊಂಡರು. ಅಲ್ಲಿಯ ತನಕ ಅದು "ಆ ಸಣ್ಣ ಸುರಂಗ" ಆಗಿತ್ತು.

ಪದವಿನ ನೆಲವನ್ನು "ಖಾಲಿ ಜಾಗ" ಅಂತ ಯಾರಾದರೂ ಅಂದರೆ ಇನ್ನೊಂದು ಲೆಕ್ಕ ಹೇಳಿ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ಒಂದು ಎಕರೆ ಪದವಿನ ಮೇಲೆ ಹಾಗಾದರೆ ವರ್ಷಕ್ಕೆ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಲೀಟರ್ ಬೀಳುತ್ತದೆ. ಎಲ್ಲ ಇಂಗುವುದಿಲ್ಲ, ಬಹಳಷ್ಟು ಹರಿದು ಸಮುದ್ರಕ್ಕೆ ಹೋಗುತ್ತದೆ, ನಿಜ. ಆದರೆ ಇಂಗಿದ್ದು ಬುಡದ ಸುರಂಗಕ್ಕೆ, ಬಾವಿಗೆ, ಮದಕಕ್ಕೆ (ಮಳೆನೀರು ನಿಲ್ಲುವ ಕೆರೆಗೆ) ಬರುತ್ತದೆ. ಮಳೆಗಾಲದ ಆಟಿ, ಸೋಣ ತಿಂಗಳಲ್ಲಿ ಪದವಿಡೀ ನೀಲಿ ಹೂ ಹಾಸಿಕೊಂಡಿರುತ್ತದೆ, ಆಗ ಒಮ್ಮೆ ಮಕ್ಕಳನ್ನು ಕರೆದುಕೊಂಡು ನಡೆದು ಬನ್ನಿ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಬಿರುಕಿಗೆ ಇಳಿಯುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಬೇಸಿಗೆಯಲ್ಲಿ ಸರ್ವೆಗೆ ಬಂದವರಿಗೆ ಅದು ಬರೀ ಕಲ್ಲು.

ಏಪ್ರಿಲ್ ಕೊನೆಗೆ ಒಂದು ಅಳತೆ, ಜುಲೈಗೆ ಒಂದು, ಡಿಸೆಂಬರಿಗೆ ಒಂದು. ಕಡಿಮೆ ಅಂದರೂ ಯೋಜನೆ ಶುರುವಾಗುವ ಮೊದಲು ಒಂದು ವರ್ಷದ್ದು ಕೈಯಲ್ಲಿರಬೇಕು. ಅಳೆಯುವಾಗ ಎರಡು ಮನೆಯವರು ಇರಲಿ, ಇಬ್ಬರೂ ಸಹಿ ಹಾಕಲಿ, ತಾರೀಕು ಕಾಣುವ ಹಾಗೆ ಫೋಟೊ ತೆಗೆಯಿರಿ.

ದುಡ್ಡು ಎಲ್ಲಿಗೆ ಹೋಗುತ್ತದೆ

ಕೋರೆಯವರೋ ಕಂಪೆನಿಯವರೋ "ಇಷ್ಟು ಲಕ್ಷದ ವ್ಯವಹಾರ" ಅಂತ ಹೇಳುತ್ತಾರೆ. ಹೇಳಲಿ. ನೀವು ಕೇಳಬೇಕಾದ್ದು ನೂರು ರೂಪಾಯಿಯಲ್ಲಿ ಊರೊಳಗೆ ಉಳಿಯುವುದು ಎಷ್ಟು. ಕಲ್ಲು ಕೊಯ್ಯುವ ಮೆಷಿನು ಯಾರದ್ದು? ಟಿಪ್ಪರ್ ಯಾರದ್ದು? ಡೀಸೆಲ್ ಎಲ್ಲಿಂದ? ಕೆಲಸಕ್ಕೆ ಬರುವವರು ಯಾರು? ನಮ್ಮ ಕೋರೆಯಲ್ಲಿ ಜಾಗದ ಯಜಮಾನರಿಗೆ ಬಾಡಿಗೆ, ಊರಿನ ನಾಲ್ಕು ಜನಕ್ಕೆ ಲೋಡಿಂಗ್ ಕೆಲಸ, ಒಂದು ಚಾ ಅಂಗಡಿ, ಇಷ್ಟು ಉಳಿದದ್ದು. ಬಾಕಿ ಮೆಷಿನಿನ ಮಾಲೀಕರಿಗೆ ಹೋಯಿತು, ಅವರು ಊರಿನವರಲ್ಲ. ಹೊರ ರಾಜ್ಯದಿಂದ ಬಂದ ಹುಡುಗರು ಶೆಡ್ಡಿನಲ್ಲಿ ಮಲಗುತ್ತಿದ್ದರು, ಅವರಿಗೆ ಕಕ್ಕಸು ಕೂಡ ಇರಲಿಲ್ಲ. ಅವರನ್ನೂ ಹಾಳೆಯಲ್ಲಿ ಒಂದು ಸಾಲಾಗಿ ಬರೆಯಿರಿ. ಓಟು ಇಲ್ಲಿಲ್ಲ ಅಂತ ಬಿಟ್ಟುಬಿಡುವುದು ಸರಿಯಲ್ಲ.

ಆಮೇಲೆ ವರ್ಷ. ಕಲ್ಲು ಐದಾರು ವರ್ಷಕ್ಕೆ ಮುಗಿಯಬಹುದು, ಅಡಿಕೆ ತೋಟ ಮೂವತ್ತು ನಲವತ್ತು ವರ್ಷ ಕಾಯಿ ಕೊಡುತ್ತದೆ. ಐದು ವರ್ಷದ ದೊಡ್ಡ ದುಡ್ಡು ಮತ್ತೆ ನಲವತ್ತು ವರ್ಷದ ಸಣ್ಣ ದುಡ್ಡು ಒಂದೇ ಕಾಲಂನಲ್ಲಿ ಬಂದಾಗ ಎರಡನೆಯದು ಯಾವಾಗಲೂ ಸಣ್ಣದಾಗಿ ಕಾಣುತ್ತದೆ. ವರ್ಷವಾರು ಬರೆದು ಕೂಡಿಸಿ ನೋಡಿ.

ಇಲ್ಲಿ ಒಂದು ಒಳ್ಳೆಯ ಉದಾಹರಣೆಯೂ ಉಂಟು, ನಮ್ಮ ಕಟ್ಟಗಳು. ಕುಂಬಡಾಜೆಯ ಏತಡ್ಕದ ಕಡೆ ಡಿಸೆಂಬರ್ ಹೊತ್ತಿಗೆ ತೋಡಿಗೆ ಅಡ್ಡ ಕಲ್ಲು ಮಣ್ಣಿನ ಕಟ್ಟ ಹಾಕುವುದು ತಲೆಮಾರಿನಿಂದ ಬಂದ ಕ್ರಮ. ಈಗ ಪ್ಲಾಸ್ಟಿಕ್ ಹಾಳೆಯೂ ಸೇರಿದೆ. ಒಂದರ ಹಿಂದೆ ಒಂದು ಕಟ್ಟ ಇದ್ದರೆ ಎರಡೂ ದಡದ ಬಾವಿಗಳಲ್ಲಿ ನೀರು ಮೇಲೆ ಬರುತ್ತದೆ, ಮೊದಲ ಮಳೆಗೆ ಕಟ್ಟ ತಾನೇ ಹೋಗುತ್ತದೆ, ತೋಡಿಗೆ ಏನೂ ಆಗುವುದಿಲ್ಲ. ಕೂಲಿ ಊರಿನವರಿಗೇ. ದುಡ್ಡು, ಕೆಲಸ, ನೀರು ಮೂರೂ ಕಾಲಂ ಹಸಿರು. ಆದರೆ ಇದರಲ್ಲೂ ಮನೆವಾರು ನೋಡಲೇಬೇಕು. ಖರ್ಚನ್ನು ಮನೆಗೆ ಇಷ್ಟು ಅಂತ ಸಮ ಹಂಚಿದರೆ ಎರಡು ಎಕರೆ ತೋಟದವನೂ, ಬರೀ ಕುಡಿಯುವ ನೀರಿನ ಬಾವಿ ಇರುವವಳೂ ಒಂದೇ ಕೊಟ್ಟ ಹಾಗಾಯಿತು. ನಮ್ಮ ತೋಡಿನ ಕಟ್ಟಕ್ಕೆ ಈಗ ತೋಟದ ಅಡಿಕೆ ಮರದ ಲೆಕ್ಕದಲ್ಲಿ ಪಾಲು, ತೋಟ ಇಲ್ಲದವರಿಗೆ ಪಾಲಿಲ್ಲ. ಇದನ್ನು ಒಪ್ಪಿಸಲು ಎರಡು ಡಿಸೆಂಬರ್ ಬೇಕಾಯಿತು. ಒಬ್ಬರು ಇನ್ನೂ ಗೊಣಗುತ್ತಾರೆ, ಆದರೆ ಕೊಡುತ್ತಾರೆ.

ಹಾಳೆಯಲ್ಲಿ ಹೆಸರೇ ಇಲ್ಲದವರು

ನಮ್ಮ ಮೊದಲ ಹಾಳೆಯಲ್ಲಿ ಹದಿನೆಂಟು ಮನೆ ಇತ್ತು. ಜಾಗ ಇದ್ದವರೇ ಎಲ್ಲ. ಆಮೇಲೆ ಎಣಿಸಿದರೆ ಆ ಪದವಿನ ಜಾಗ ಬಳಸುವ ಮನೆಗಳು ಇಪ್ಪತ್ತೇಳು. ಉಳಿದ ಒಂಬತ್ತು ಮನೆ ಯಾವುದು? ಗಿಡ್ಡ ತಳಿಯ ದನ ಮೇಯಲು ಬಿಡುವವರು, ಮುಳಿಹುಲ್ಲು ತರುವವರು, ಕಟ್ಟಿಗೆಗೆ ಹೋಗುವ ಹೆಂಗಸರು, ಮತ್ತೆ ಕೊರಗ ಬುಡಕಟ್ಟಿನವರ ಮೂರು ಮನೆ. ಅವರು ಬುಟ್ಟಿ ಹೆಣೆಯುವ ಬಳ್ಳಿ ಪದವಿನ ಅಂಚಿನ ಕುರುಚಲು ಕಾಡಿನದ್ದು. ಜೆಸಿಬಿ ಮೊದಲು ಸವರಿದ್ದೇ ಆ ಅಂಚನ್ನು. ಬಳ್ಳಿ ಹೋದದ್ದು ಊರಲ್ಲಿ ಯಾರಿಗೂ ನಷ್ಟ ಅಂತ ಅನ್ನಿಸಲೇ ಇಲ್ಲ, ಯಾಕೆಂದರೆ ಅದಕ್ಕೆ ಸರ್ವೆ ನಂಬರು ಇಲ್ಲ.

ಇವರನ್ನು ಮೀಟಿಂಗಿಗೆ ಕರೆದರೆ ಬರುವುದಿಲ್ಲ, ಬಂದರೂ ಹಿಂದಿನ ಬೆಂಚಿನಲ್ಲಿ ಕೂತು ಹೋಗುತ್ತಾರೆ. ನೀವೇ ಹೋಗಬೇಕು. ಬೀಡಿ ಕಟ್ಟುವವರ ಮನೆಗೆ ಬ್ರಾಂಚಿಗೆ ಬೀಡಿ ಕೊಟ್ಟು ಬಂದ ಮೇಲೆ, ಕೂಲಿಗೆ ಹೋಗುವವರ ಮನೆಗೆ ಸಂಜೆ. ಪುಸ್ತಕ ಪೆನ್ನು ಹಿಡಿದುಕೊಂಡು ಅಧಿಕಾರಿಯ ಹಾಗೆ ಹೋದರೆ "ಎಲ್ಲ ಸರಿ ಉಂಟು" ಅಂತ ಕಳಿಸುತ್ತಾರೆ. ಹೆಂಗಸರ ಮಾತು ಬೇಕಾದರೆ ಕುಟುಂಬಶ್ರೀಯ ಅಯಲ್‌ಕೂಟ ಒಳ್ಳೆಯ ಜಾಗ. 1998ರಲ್ಲಿ ಶುರುವಾದ ಈ ಏರ್ಪಾಡಿನಲ್ಲಿ ಅಕ್ಕಪಕ್ಕದ ಹತ್ತಿಪ್ಪತ್ತು ಮನೆಯ ಹೆಂಗಸರು ಆಗಾಗ ಕೂತು ಉಳಿತಾಯ, ಸಾಲದ ಲೆಕ್ಕ ನೋಡುತ್ತಾರೆ. ಯಾರ ಮನೆಯಲ್ಲಿ ನೀರು ಯಾವ ತಿಂಗಳಿಗೆ ನಿಲ್ಲುತ್ತದೆ ಅಂತ ಅವರ ಬಾಯಲ್ಲಿ ಇರುತ್ತದೆ. ಗಂಡಸರನ್ನು ಕೇಳಿದರೆ "ಮೇ ತಿಂಗಳು" ಅನ್ನುತ್ತಾರೆ, ಹೆಂಗಸರು "ವಿಷು ಕಳೆದು ಎಂಟು ದಿನಕ್ಕೆ" ಅನ್ನುತ್ತಾರೆ, ಅಂದರೆ ಏಪ್ರಿಲಿನಲ್ಲೇ. ನೀರು ಹೊರುವವರು ಯಾರು ಅಂತ ಇದರಲ್ಲೇ ಗೊತ್ತಾಗುತ್ತದೆ. ಪರಿಶಿಷ್ಟ ಪಂಗಡದವರಿಗೆ ಬೇರೆಯೇ ಊರುಕೂಟ ಸೇರುತ್ತದೆ, ಅಲ್ಲಿ ವಿಷಯ ಎತ್ತಲು ಅವರ ಪ್ರಮೋಟರ್ (ಇಲಾಖೆಗೂ ಅವರಿಗೂ ನಡುವಿನ ಕೆಲಸಗಾರ) ಹತ್ತಿರ ಮೊದಲೇ ಮಾತಾಡಿ.

ಭಾಷೆಯ ವಿಷಯವೂ ಇಲ್ಲೇ ಬರುತ್ತದೆ. ನಮ್ಮ ವಾರ್ಡಿನಲ್ಲಿ ಮನೆಯೊಳಗೆ ತುಳು, ಹವ್ಯಕ, ಬ್ಯಾರಿ, ಮರಾಠಿ, ಮಲಯಾಳ. ಶಾಲೆ ಕಲಿತದ್ದು ಜಾಸ್ತಿ ಜನ ಕನ್ನಡದಲ್ಲಿ. ಯೋಜನೆಯ ಕಾಗದ ಬರುವುದು ಮಲಯಾಳದಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಓದಲು ಬಾರದ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಅದನ್ನು ಒಪ್ಪಿಗೆ ಅನ್ನಲು ಆಗುತ್ತದಾ? ಹಾಳೆಯನ್ನು ಪ್ರತಿ ಮನೆಯಲ್ಲಿ ಜೋರಾಗಿ ಓದಿ ಹೇಳಿ, ಅವರ ಭಾಷೆಯಲ್ಲಿ. ಅರ್ಜಿ ಕನ್ನಡದಲ್ಲೇ ಕೊಡಿ. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳುತ್ತದೆ. "ಮಲಯಾಳದಲ್ಲಿ ಬರೆದುಕೊಂಡು ಬನ್ನಿ" ಅಂತ ಕೌಂಟರಿನಲ್ಲಿ ಹೇಳಿದರೆ ಈ ನಂಬರನ್ನು ನೆನಪು ಮಾಡಿ, ಜಗಳ ಬೇಡ.

ಗ್ರಾಮಸಭೆಯಲ್ಲಿ

ಕೇರಳದಲ್ಲಿ ಗ್ರಾಮಸಭೆ ಅಂದರೆ ವಾರ್ಡಿನ ಸಭೆ. ಮತದಾರರ ಪಟ್ಟಿಯಲ್ಲಿ ಇರುವವರೆಲ್ಲ ಸದಸ್ಯರು. 1994ರ ಪಂಚಾಯತ್‌ರಾಜ್ ಕಾಯ್ದೆ ಪ್ರಕಾರ ಮೂರು ತಿಂಗಳಿಗೊಮ್ಮೆ ಆದರೂ ಸೇರಬೇಕು, ಹತ್ತರಲ್ಲಿ ಒಂದು ಪಾಲು ಮತದಾರರು ಇದ್ದರೆ ಮಾತ್ರ ಕೋರಂ. ಅಷ್ಟೇ ಜನ ಬರೆದು ಕೊಟ್ಟರೆ ವಿಶೇಷ ಸಭೆಯನ್ನೂ ಕರೆಯಬೇಕು. 1996ರ ಜನಕೀಯ ಆಸೂತ್ರಣದ (ಊರಿನ ಯೋಜನೆ ಊರಿನವರೇ ಮಾಡುವ ಕ್ರಮದ) ನಂತರ ಪಂಚಾಯತಿನ ಕೈಗೆ ನಿಜವಾದ ದುಡ್ಡು ಬಂತು, ಹಾಗಾಗಿ ಇಲ್ಲಿ ಆಡಿದ ಮಾತಿಗೆ ಬೆಲೆ ಉಂಟು. ಆದರೆ ನಡೆಯುವುದು ಹೇಗೆ? ಶಾಲೆಯ ಜಗಲಿಯಲ್ಲಿ ರಿಜಿಸ್ಟರ್ ಒಂದು ಕಡೆ ಸುತ್ತುತ್ತಾ ಇರುತ್ತದೆ, ಎಲ್ಲರೂ ಸಹಿ ಹಾಕಿ, ಚಾ ಕುಡಿದು, ಆಡು ಕೋಳಿ ಯಾರಿಗೆ ಸಿಕ್ಕಿತು ಅಂತ ಪಟ್ಟಿ ಕೇಳಿ ಮನೆಗೆ. ತೀರ್ಮಾನ ಆಮೇಲೆ ಬರೆಯುತ್ತಾರೆ.

ನೀವು ಮಾಡಬೇಕಾದ್ದು ಇಷ್ಟು. ಒಂದು ವಾರ ಮೊದಲು ವಿಷಯವನ್ನು ಅಜೆಂಡಾದಲ್ಲಿ ಸೇರಿಸಲು ಮೆಂಬರಿಗೆ ಬರೆದು ಕೊಡಿ, ಪ್ರತಿಯ ಮೇಲೆ ಸ್ವೀಕರಿಸಿದ ಸಹಿ ಹಾಕಿಸಿ. ಮೆಂಬರ್ ಅಂದರೆ ಊರಿನವರೇ, ನಾಳೆ ಮದುವೆಯಲ್ಲಿ ಪಕ್ಕದಲ್ಲಿ ಕೂತು ಊಟ ಮಾಡುವವರು, ಅವರನ್ನು ಶತ್ರು ಮಾಡಿಕೊಳ್ಳಬೇಡಿ. ಸಭೆಯ ದಿನ ಹಾಳೆಯನ್ನು ಗೋಡೆಗೆ ಅಂಟಿಸಿ. ಭಾಷಣ ಬೇಡ. ಪ್ರತಿ ಮನೆಯವರು ತಮ್ಮ ಸಾಲನ್ನು ತಾವೇ ಓದಲಿ. ಕೆಳಗಿನ ಮನೆ ಅಕ್ಕ ಎದ್ದು ನಿಂತು "ಮೊದಲು ಮೂರು ನಿಮಿಷಕ್ಕೆ ಒಂದು ಬಕೆಟ್, ಈಗ ಇಪ್ಪತ್ತು ನಿಮಿಷ" ಅಂದಾಗ ಆಚೆ ಈಚೆ ಮಾತಾಡುತ್ತಿದ್ದವರು ಸುಮ್ಮನಾದರು, ನಾನು ಅರ್ಧ ಗಂಟೆ ಪರಿಸರದ ಬಗ್ಗೆ ಮಾತಾಡಿದ್ದರೂ ಆಗುತ್ತಿರಲಿಲ್ಲ. ಕೊನೆಗೆ ತೀರ್ಮಾನವನ್ನು ಅಲ್ಲಿಯೇ ಬರೆಸಿ, ಓದಿಸಿ, ಫೋಟೊ ತೆಗೆದುಕೊಳ್ಳಿ. ಆಗಲಿಲ್ಲವೋ, ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಫೀಸು ಕಟ್ಟಿ ನಡವಳಿಯ ಪ್ರತಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು.

ಯೋಜನೆ ದೊಡ್ಡದಾಗಿ, ಪರಿಸರ ಅನುಮತಿಗೆ ಸಾರ್ವಜನಿಕ ಅಹವಾಲು ಸಭೆ ಬೇಕಾದರೆ ಕ್ರಮ ಬೇರೆ. 2006ರ ಅಧಿಸೂಚನೆ ಪ್ರಕಾರ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಜಿಲ್ಲಾಧಿಕಾರಿಯೋ ಅವರ ಪರವಾಗಿ ಬಂದ ಹಿರಿಯ ಅಧಿಕಾರಿಯೋ ಸಭೆ ನಡೆಸಬೇಕು, ಇಡೀ ಸಭೆಯ ವಿಡಿಯೊ ಆಗಬೇಕು, ಮುಗಿಯುವಾಗ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಅಲ್ಲಿ ಓಟು ಹಾಕುವ ಕ್ರಮ ಇಲ್ಲ. ಹಾಗಾಗಿ ಬೊಬ್ಬೆ ಹಾಕಿ ಹೊರಗೆ ನಡೆದರೆ ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ. ಹಾಳೆಯ ಪ್ರತಿಯನ್ನು ಬರಹದಲ್ಲಿ ಕೊಟ್ಟು ಬನ್ನಿ.

ಬೇಕು, ಬೇಡದ ನಡುವೆ

ಹಾಳೆ ತುಂಬಿದ ಮೇಲೆ ಹೆಚ್ಚಿನ ಸಲ ಪೂರ್ತಿ ಬೇಡ ಅನ್ನುವ ಹಾಗೆ ಇರುವುದಿಲ್ಲ. ಎರಡು ಮೂರು ಮನೆಗೆ ಮಾತ್ರ ಪೆಟ್ಟು, ಉಳಿದವರಿಗೆ ಲಾಭ, ಹೀಗಿರುತ್ತದೆ. ಕಷ್ಟದ ಜಾಗ ಇದು. ಬಹುಮತದಿಂದ ಮುಗಿಸಿಬಿಟ್ಟರೆ ಆ ಮೂರು ಮನೆಯವರು ಪ್ರತಿ ಸಲ ಸೋಲುತ್ತಾರೆ. ನಮ್ಮ ಕ್ರಮ: ಯಾರ ಸಾಲಿನ ನಾಲ್ಕನೇ ಕಾಲಂನಲ್ಲಿ ಬೇರೆ ದಾರಿ ಇಲ್ಲ ಅಂತ ಉಂಟೋ, ಅವರ ಶರತ್ತು ಮೊದಲು. ಅವರು ಒಪ್ಪುವ ಹಾಗೆ ಯೋಜನೆ ಬದಲಾದರೆ ಮುಂದೆ ಹೋಗಲಿ.

ಕೋರೆ ವಿಸ್ತರಣೆಗೆ ಮತ್ತೆ ಬಂದಾಗ ನಾವು ಕೇಳಿದ್ದು ಹೀಗೆ. ಸುರಂಗ ಇರುವ ಬದಿಯ ಇಳಿಜಾರು ಮುಟ್ಟಬಾರದು. ಮಳೆಗಾಲದ ಮೊದಲು ಹೊಂಡದ ಸುತ್ತ ಅಗಳು ತೆಗೆದು ರಾಡಿ ನೀರು ತಂಗುವ ಗುಂಡಿ ಮಾಡಬೇಕು. ಶಾಲೆ ಶುರುವಾಗುವ, ಬಿಡುವ ಹೊತ್ತಿಗೆ ಟಿಪ್ಪರ್ ಓಡಬಾರದು. ಬಳ್ಳಿಯ ಅಂಚು ಬಿಡಬೇಕು. ಕಲ್ಲು ಮುಗಿದ ಹೊಂಡಕ್ಕೆ ಬೇಲಿ ಹಾಕಿ, ಮಳೆನೀರು ನಿಲ್ಲಿಸಲು ಬಿಟ್ಟುಕೊಡಬೇಕು. ಬಾವಿ ಅಳತೆ ನಮ್ಮ ಪುಸ್ತಕದ ಪ್ರಕಾರ ಇಷ್ಟಕ್ಕಿಂತ ಇಳಿದರೆ ಆ ಮನೆಗೆ ನೀರಿನ ಖರ್ಚು ಅವರದ್ದು. ಎಲ್ಲ ಸಿಗಲಿಲ್ಲ. ಇಳಿಜಾರು, ಅಗಳು, ಟಿಪ್ಪರಿನ ಹೊತ್ತು ಒಪ್ಪಿದರು. ನೀರಿನ ಖರ್ಚು "ನೋಡುವಾ" ಅಂದರು. ನೋಡುವಾ ಅಂದರೆ ಇಲ್ಲ ಅಂತ, ಅದೂ ಬರೆದುಕೊಂಡಿದ್ದೇವೆ.

ಹಸಿರು ಅಂತ ಹೆಸರಿದ್ದ ಯೋಜನೆಗೂ ಇದೇ ಹಾಳೆ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 250 ಎಕರೆಯಲ್ಲಿ 50 ಮೆಗಾವಾಟಿನ ಸೋಲಾರ್ ಸ್ಥಾವರ 2021ರಲ್ಲಿ ಉದ್ಘಾಟನೆ ಆಯಿತು. ಹೊಗೆ ಇಲ್ಲದ ಕರೆಂಟು, ಒಳ್ಳೆಯದೇ, ನನ್ನ ಮನೆ ಮಾಡಿನ ಮೇಲೂ ಪ್ಯಾನಲ್ ಉಂಟು. ಆದರೆ ಅಂಥ ಯೋಜನೆ ನಾಳೆ ನಿಮ್ಮ ಪದವಿಗೆ ಬಂದರೆ ದನ ಎಲ್ಲಿಗೆ, ಬೇಲಿಯ ಆಚೆ ಹೋಗುವ ಕಾಲುದಾರಿ ಎಲ್ಲಿಗೆ, ಪ್ಯಾನಲಿನಿಂದ ಇಳಿಯುವ ಮಳೆನೀರು ಯಾರ ಅಂಗಳಕ್ಕೆ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಆದ ಮೇಲೂ ಪುಸ್ತಕ ಮುಚ್ಚಬೇಡಿ

ನಮ್ಮ ಜಿಲ್ಲೆಯಲ್ಲಿ ಇದನ್ನು ಯಾಕೆ ಇಷ್ಟು ಒತ್ತಿ ಹೇಳಬೇಕು ಅಂದರೆ ಎಂಡೋಸಲ್ಫಾನ್ ಅನ್ನುವ ಕೀಟನಾಶಕ. ಗುಡ್ಡೆಯ ಮೇಲೆ ಸರಕಾರಿ ಗೇರು ತೋಟ, ಬುಡದಲ್ಲಿ ಮನೆ, ಸುರಂಗ, ತೋಡು. 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಮದ್ದು ಬಿಟ್ಟರು. ಗೇರಿನ ಲೆಕ್ಕ ಒಂದು ಆಫೀಸಿನ ಪುಸ್ತಕದಲ್ಲಿತ್ತು, ಪಡ್ರೆ, ಸ್ವರ್ಗ, ಬೆಳ್ಳೂರಿನ ಮನೆಗಳ ಲೆಕ್ಕ ಯಾವ ಪುಸ್ತಕದಲ್ಲೂ ಇರಲಿಲ್ಲ. ಜೇನುನೊಣ ಸತ್ತದ್ದು, ಕಾಲು ಸೊಟ್ಟಗಾಗಿ ಕರು ಹುಟ್ಟಿದ್ದು ಊರವರ ಕಣ್ಣಿಗೆ ಮೊದಲೇ ಬಿದ್ದಿತ್ತು. ಪತ್ರಕರ್ತ ಶ್ರೀಪಡ್ರೆ ಬರೆದರು, ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಹತ್ತಿರ ಬರುವ ರೋಗಿಗಳಲ್ಲಿ ಒಂದೇ ಥರದ ಕಾಯಿಲೆ ಜಾಸ್ತಿ ಆಗುವುದನ್ನು ಗಮನಿಸಿ ಎಲ್ಲರಿಗೂ ಹೇಳುತ್ತಾ ಬಂದರು. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆದದ್ದು 2011ರಲ್ಲಿ. ಬಾಧಿತರಿಗೆ ಐದೈದು ಲಕ್ಷ ಕೊಡಿ ಅಂತ ಆದೇಶ ಮಾಡಿದ್ದು 2017ರಲ್ಲಿ, ಕೊಡಲಿಲ್ಲ ಅಂತ ಅದೇ ಕೋರ್ಟು ಸರಕಾರವನ್ನು ಮತ್ತೆ ಗದರಿಸಬೇಕಾಯಿತು 2022ರಲ್ಲಿ. ತಮ್ಮ ಮಗು ಬಾಧಿತರ ಪಟ್ಟಿಗೆ ಸೇರಬೇಕು ಅಂತ ಅಮ್ಮಂದಿರು ಇನ್ನೂ ಕಾಗದ ಹಿಡಿದು ಅಲೆದಾಡುತ್ತಿದ್ದಾರೆ. ಇಷ್ಟು ಆಗುವಾಗ ಮಕ್ಕಳು ದೊಡ್ಡವರಾದರು, ಕೆಲವರು ಆಗಲೇ ಇಲ್ಲ.

ಹಾಗಾಗಿ ಯೋಜನೆ ಶುರುವಾದ ಮೇಲೆ ಅದೇ ಬಾವಿ, ಅದೇ ಗುರುತು, ಅದೇ ತಾರೀಕಿಗೆ ಅಳೆಯುತ್ತಾ ಇರಿ. ನೀರಿನ ಜೊತೆಗೆ ಬೇರೆ ನಾಲ್ಕು ವಿಷಯವನ್ನೂ ಬರೆಯಿರಿ: ಜೇನುಪೆಟ್ಟಿಗೆ ಹೇಗುಂಟು, ದನ ಗಬ್ಬ ನಿಲ್ಲುತ್ತದಾ, ಮಕ್ಕಳಿಗೆ ಕೆಮ್ಮು ಯಾವ ತಿಂಗಳು, ತೋಡಿನಲ್ಲಿ ಮೀನು ಉಂಟಾ. ಇದರಿಂದ ವಿಜ್ಞಾನ ಸಾಬೀತಾಗುವುದಿಲ್ಲ, ಆದರೆ ಪರೀಕ್ಷೆಗೆ ಬರುವವರಿಗೆ ಎಲ್ಲಿ ಹುಡುಕಬೇಕು ಅಂತ ತೋರಿಸಲು ಆಗುತ್ತದೆ. ಪಂಚಾಯತಿನ ಜೀವವೈವಿಧ್ಯ ಸಮಿತಿಯಲ್ಲಿ ಊರಿನ ಗಿಡ, ಪ್ರಾಣಿ, ನೀರಿನ ವಿವರ ಬರೆದಿಡುವ ಜನರ ದಾಖಲಾತಿ ಪುಸ್ತಕ ಅಂತ ಒಂದುಂಟು, ಅದರಲ್ಲಿ ನಿಮ್ಮ ಸುರಂಗ, ಬಳ್ಳಿ, ಮದಕ ಸೇರಿದೆಯಾ ಅಂತ ಕೇಳಿ. ನಮ್ಮದರಲ್ಲಿ ಕಾಸರಕ ಮರ ಇತ್ತು, ಸುರಂಗ ಒಂದೂ ಇರಲಿಲ್ಲ. ಸೇರಿಸಲು ಬರೆದು ಕೊಟ್ಟಿದ್ದೇವೆ.

ಪುಸ್ತಕ ಯಾರ ಹತ್ತಿರ ಇರಬೇಕು ಅನ್ನುವುದು ಕೊನೆಯ ವಿಷಯ. ಒಬ್ಬರ ಮನೆಯಲ್ಲಿ ಮಾತ್ರ ಇಡಬೇಡಿ, ಅವರು ಜಾಗ ಮಾರಿ ಹೋದರೆ ಪುಸ್ತಕವೂ ಹೋಯಿತು, ನಮಗೆ ಒಮ್ಮೆ ಹಾಗಾಗಿದೆ. ಈಗ ಮೂಲ ಪ್ರತಿ ಅಯಲ್‌ಕೂಟದ ಟ್ರಂಕಿನಲ್ಲಿ, ಒಂದು ಜೆರಾಕ್ಸ್ ಊರಿನ ವಾಚನಾಲಯದಲ್ಲಿ, ಫೋಟೊ ಎಲ್ಲರ ಮೊಬೈಲಿನಲ್ಲಿ. ಹಗ್ಗ ಕೆಳಗಿನ ಮನೆ ಅಕ್ಕನ ಹತ್ತಿರ ಇರುತ್ತದೆ. ಅವರ ಮಗ ಗಲ್ಫಿನಿಂದ ಬಂದವನು ಲೇಸರ್ ಅಳತೆಯ ಯಂತ್ರ ತಂದುಕೊಟ್ಟಿದ್ದಾನೆ, ಅಕ್ಕ ಅದನ್ನು ಡಬ್ಬದಿಂದ ಹೊರಗೆ ತೆಗೆದಿಲ್ಲ. ಸುರಂಗ ಈ ಏಪ್ರಿಲಿಗೆ ಬಕೆಟಿಗೆ ಹದಿನಾಲ್ಕು ನಿಮಿಷ.